ಹಲ್ಲಿಗೆ ತಕ್ಕ ಹೊದಿಕೆ ಯಾವುದು?

ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿಯೂ, ಆರ್. ಟಿ. ನಗರ ಮತ್ತು ಯಶವಂತಪುರಗಳ ಅಂಗಡಿಬೀದಿಗಳಲ್ಲಿಯೂ ದಂತವೈದ್ಯಶಾಲೆಗಳ ಫಲಕಗಳಿಗೆ ಈಗ ಕೊರತೆಯಿಲ್ಲ. ಹಲ್ಲು ಕೀಳುವುದು, ಹುಳುಕು ತುಂಬುವುದು ಮೊದಲಾದ ಹಳೆಯ ಕೆಲಸಗಳ ಹೆಸರು ಆ ಫಲಕಗಳಲ್ಲಿ ಕೆಳಗೆ ಸರಿದು, ‘ಸ್ಮೈಲ್ ಡಿಸೈನ್’ ಎಂಬ ಹೊಸ ಮಾತು ಮೇಲಕ್ಕೆ ಬಂದಿದೆ. ಅದರ ಅಡಿಯಲ್ಲಿ ವೆನಿಯರ್, ಪೋರ್ಸಲೇನ್, ಜಿರ್ಕೋನಿಯ, ಕಾಂಪೋಸಿಟ್ ಎಂಬ ಹೆಸರುಗಳ ಸಾಲು. ಇವುಗಳಲ್ಲಿ ಯಾವುದು ಉತ್ತಮವೆಂದು ಕಾಲೇಜಿನ ಹುಡುಗ ಹುಡುಗಿಯರು ತಮ್ಮೊಳಗೇ ಚರ್ಚಿಸುವುದು ನಮ್ಮ ಕಿವಿಗೂ ಬೀಳುತ್ತದೆ. ಚರ್ಚೆಯು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳಲ್ಲಿ ಮುಗಿಯುವುದುಂಟು: ಯಾವುದು ಹೆಚ್ಚು ಬಿಳಿ? ಯಾವುದು ಹೆಚ್ಚು ಗಟ್ಟಿ?

ಇವೆರಡೂ ಮೊದಲು ಕೇಳತಕ್ಕ ಪ್ರಶ್ನೆಗಳಲ್ಲವೆಂಬುದು ನಮ್ಮ ಅಭಿಪ್ರಾಯ. ನಾವು ದಂತವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು; ಯಾರ ಹಲ್ಲಿಗೆ ಯಾವ ಚಿಕಿತ್ಸೆಯೆಂದು ವಿಧಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ದ್ರವ್ಯದ ಮೇಲೆ ಇನ್ನೊಂದನ್ನು ಅಂಟಿಸಿ, ಅದರ ಮೇಲೆ ಬಲವನ್ನೂ ಬಿಸಿಯನ್ನೂ ಬೆಳಕನ್ನೂ ಬಿಟ್ಟಾಗ ಏನಾಗುವುದೆಂಬುದು ಭೌತಶಾಸ್ತ್ರಕ್ಕೆ ಸೇರಿದ ವಿಚಾರ. ಆ ವಿಚಾರದಿಂದ ನೋಡಿದರೆ, ಹೊದಿಕೆಯ ದ್ರವ್ಯವನ್ನು ಆರಿಸುವಾಗ ಮೊಟ್ಟಮೊದಲು ಲೆಕ್ಕಕ್ಕೆ ತರಬೇಕಾದ ದ್ರವ್ಯವು ಯಾವ ಫಲಕದಲ್ಲಿಯೂ ಕಾಣುವುದಿಲ್ಲ. ಅದು ನಮ್ಮ ಹಲ್ಲಿನ ಮೇಲೆ ಆಗಲೇ ಇರುವ ಎನಾಮಲ್, ಅಂದರೆ ದಂತಕವಚ.

ವೆನಿಯರ್ ಎಂದರೇನೆಂಬುದನ್ನು ಮೊದಲು ಹೇಳಿಬಿಡೋಣ. ಬಡಗಿಗಳು ಅಗ್ಗದ ಹಲಗೆಯ ಮೇಲೆ ತೇಗದ ತೆಳು ಹಾಳೆಯನ್ನು ಅಂಟಿಸಿ ಬಾಗಿಲನ್ನು ಚೆಂದಗಾಣಿಸುವರಲ್ಲವೆ? ಆ ಹಾಳೆಗೂ ಇದೇ ಹೆಸರು. ಹಲ್ಲಿನ ವೆನಿಯರ್ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆ. ಮುಂದಿನ ಹಲ್ಲಿನ ಹೊರಮುಖಕ್ಕೆ ಮಾತ್ರ ಅಂಟಿಸತಕ್ಕದ್ದು. ಅದಕ್ಕೆ ಎಡೆ ಮಾಡಿಕೊಡಲು ಹಲ್ಲಿನ ಮೈಯನ್ನು ಸಾಮಾನ್ಯವಾಗಿ ಅಷ್ಟೇ ದಪ್ಪ ಅರೆದು ತೆಗೆಯುತ್ತಾರೆ. ಮಾತೆಲ್ಲ ಇರುವುದು ಈ ಅರೆಯುವಿಕೆಯಲ್ಲಿಯೇ. ಮೇಲಿನ ಬಾಚಿಹಲ್ಲಿನ ಹೊರಮುಖದಲ್ಲಿ ಎನಾಮಲಿನ ದಪ್ಪವು ಅಂಚಿನ ಬಳಿ ಸುಮಾರು ಒಂದು ಮಿಲಿಮೀಟರ್; ವಸಡಿನ ಬಳಿಗೆ ಬರುವಾಗ ಅದರ ಅರ್ಧ, ಕೆಲವೆಡೆ ಮೂರರಲ್ಲೊಂದು ಭಾಗ. ಚರ್ಮ ಹರಿದರೆ ಕೂಡುತ್ತದೆ, ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಎನಾಮಲನ್ನು ಕಟ್ಟಿದ ಜೀವಕೋಶಗಳಾದರೋ ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೇ ಅಳಿದುಹೋಗಿರುತ್ತವೆ. ಅರೆದದ್ದು ಮತ್ತೆ ಬೆಳೆಯದು.

ಇಷ್ಟು ಅಮೂಲ್ಯವಾದುದನ್ನು ಅರೆಯಿಸಿಕೊಳ್ಳಲು ಜನರು ಮುಂದಾಗುವುದೇಕೆ? ಶೋಕಿಗಾಗಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದು ಅನ್ಯಾಯದ ಮಾತಾದೀತು. ಯಲಹಂಕದ ಸುತ್ತಣ ಕಾಲೇಜುಗಳಿಗೆ ಚಿಕ್ಕಬಳ್ಳಾಪುರ, ಗುಡಿಬಂಡೆ, ಬಾಗೇಪಲ್ಲಿ, ಪಾವಗಡಗಳ ಕಡೆಯಿಂದ ಬರುವ ವಿದ್ಯಾರ್ಥಿಗಳುಂಟು. ಆ ಸೀಮೆಯ ಕಗ್ಗಲ್ಲಿನ ಪದರಗಳೊಳಗೆ ಆಳಕ್ಕೆ ಕೊರೆದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಕ್ಕದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಅಲ್ಪ ಪ್ರಮಾಣದಲ್ಲಿ ಹಲ್ಲಿಗೆ ಹಿತವಾದ ಈ ವಸ್ತು, ಎನಾಮಲ್ ರೂಪುಗೊಳ್ಳುವ ಎಳೆತನದಲ್ಲಿ ಅತಿಯಾಗಿ ದೇಹವನ್ನು ಸೇರಿದರೆ, ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಬಿಳಿಯ ಮಚ್ಚೆಗಳಾಗಿಯೂ, ಕಂದು ಪಟ್ಟೆಗಳಾಗಿಯೂ, ತೀವ್ರವಾದಲ್ಲಿ ಕುಳಿಗಳಾಗಿಯೂ ಕಾಣಿಸಿಕೊಳ್ಳುತ್ತದೆ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಬೆಳೆಸಿಕೊಂಡ ಹದಿನೆಂಟು ವರ್ಷದವರಿಗೆ ವೆನಿಯರಿನ ಫಲಕವು ಆಸೆ ಹುಟ್ಟಿಸಿದರೆ ಅದು ಸಹಜವೇ. ಅಂಥವರಿಗಾಗಿಯೇ ಈ ಲೇಖನ.

ಆ ಬಿಳಿಯ ಮಚ್ಚೆ ಏನೆಂಬುದನ್ನು ತಿಳಿದರೆ, ಅನೇಕರಿಗೆ ಹೊದಿಕೆಯ ಪ್ರಶ್ನೆಯೇ ಉಳಿಯದಿರಬಹುದು. ಎನಾಮಲು ತೂಕದಲ್ಲಿ ನೂರಕ್ಕೆ 96 ಭಾಗ ಖನಿಜ. ಹೈಡ್ರಾಕ್ಸಿಅಪಟೈಟಿನ ಸೂಕ್ಷ್ಮವಾದ ಹರಳುಗಳು ಒತ್ತಾಗಿ ಕೂಡಿದ ಕಟ್ಟಡ. ಅದರ ವಕ್ರೀಭವನಾಂಕ ಸುಮಾರು 1.62. ಫ್ಲೋರೈಡಿನಿಂದ ಕೆಟ್ಟ ಎನಾಮಲಿನಲ್ಲಿ, ಮೇಲ್ಮೈಯ ಕೆಳಗೆ, ಈ ಕಟ್ಟಡ ಸಡಿಲವಾಗಿ ಸೂಕ್ಷ್ಮರಂಧ್ರಗಳು ಉಳಿದುಬಿಡುತ್ತವೆ. ರಂಧ್ರದೊಳಗೆ ನೀರಿದ್ದರೆ ಅಲ್ಲಿಯ ವಕ್ರೀಭವನಾಂಕ 1.33, ಗಾಳಿಯಿದ್ದರೆ 1. ಒಂದರಿಂದ ಇನ್ನೊಂದಕ್ಕೆ ದಾಟುವ ಪ್ರತಿ ಗಡಿಯಲ್ಲಿಯೂ ಬೆಳಕು ಚದರುತ್ತದೆ. ಅಂಕಗಳ ಅಂತರ ಹೆಚ್ಚಿದಷ್ಟೂ ಚದರಿಕೆ ಹೆಚ್ಚು. ಆದುದರಿಂದ ಮಚ್ಚೆಯ ಬಿಳುಪು ಯಾವ ಬಣ್ಣದ್ರವ್ಯದಿಂದಲೂ ಬಂದುದಲ್ಲ. ಮೋಡದ ಬಿಳುಪಿನಂತೆ, ನೊರೆಯ ಬಿಳುಪಿನಂತೆ, ಚದರಿದ ಬೆಳಕಿನ ಬಿಳುಪು. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ಹಲ್ಲನ್ನು ಒಂದೆರಡು ನಿಮಿಷ ಒಣಗಬಿಟ್ಟರೆ ಮಚ್ಚೆ ಇನ್ನೂ ಬೆಳ್ಳಗಾಗುವುದನ್ನೂ, ನಾಲಗೆಯಿಂದ ಒದ್ದೆ ಮಾಡಿದ ಸ್ವಲ್ಪ ಹೊತ್ತಿಗೆ ಮಂಕಾಗುವುದನ್ನೂ ಯಾರು ಬೇಕಾದರೂ ನೋಡಬಹುದು.

ಎಣ್ಣೆ ಸೋಕಿದ ಕಾಗದ ಅರೆಪಾರದರ್ಶಕವಾಗುವುದನ್ನು ಎಲ್ಲರೂ ಕಂಡಿದ್ದೇವೆ. ನಾರುಗಳ ನಡುವಣ ಗಾಳಿಯ ಎಡೆಗೆ ಎಣ್ಣೆ ಹೊಕ್ಕು ವಕ್ರೀಭವನಾಂಕದ ಅಂತರವನ್ನು ತಗ್ಗಿಸುವುದೇ ಅದಕ್ಕೆ ಕಾರಣ. ದಂತವೈದ್ಯರೂ ಇದೇ ಉಪಾಯವನ್ನು ಹೂಡುತ್ತಾರೆ. ಆಮ್ಲದಿಂದ ಮೇಲ್ಪದರವನ್ನು ಮಿಲಿಮೀಟರಿನ ಕೆಲವು ನೂರನೆಯ ಭಾಗಗಳಷ್ಟು ಮಾತ್ರ ಕರಗಿಸಿ, ನೀರಿನಂತೆ ತೆಳುವಾದ ರಾಳವನ್ನು ರಂಧ್ರಗಳೊಳಕ್ಕೆ ಇಳಿಸಿ, ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಆ ರಾಳದ ವಕ್ರೀಭವನಾಂಕ ಸುಮಾರು 1.52; ಎನಾಮಲಿಗೆ ಸಮೀಪದ್ದು. ಮಚ್ಚೆ ಸುತ್ತಲಿನ ಹಲ್ಲಿನೊಡನೆ ಬೆರೆತಂತೆ ಕಾಣುತ್ತದೆ. ಕಂದು ಪಟ್ಟೆಗಳಿಗೆ ಆಮ್ಲ ಮತ್ತು ನುಣ್ಣನೆಯ ಪುಡಿಯಿಂದ ಉಜ್ಜುವುದು, ಪೆರಾಕ್ಸೈಡಿನಿಂದ ಬಿಳುಪೇರಿಸುವುದು ಎಂಬ ಕ್ರಮಗಳೂ ಇವೆ. ಇವು ಎಲ್ಲರಿಗೂ ಪೂರ್ತಿ ಫಲ ಕೊಡುತ್ತವೆಂದು ನಾವು ಹೇಳೆವು. ಆದರೆ ಸಾಧಾರಣ ಮಟ್ಟದ ಮಚ್ಚೆಗಳಿಗೆ ಇವುಗಳನ್ನು ಪ್ರಯತ್ನಿಸದೆ ನೇರವಾಗಿ ಅರೆಯುವ ಯಂತ್ರಕ್ಕೆ ಕೈಯಿಕ್ಕುವುದನ್ನು ನಾವು ಸರ್ವಥಾ ಒಪ್ಪಲಾರೆವು.

ಇನ್ನು ಕುಳಿಬಿದ್ದ ಹಲ್ಲು, ಮೂಲೆ ಮುರಿದ ಹಲ್ಲು, ಮೇಲಣ ಕ್ರಮಗಳಿಗೆ ಬಗ್ಗದ ಹಲ್ಲು ಇವುಗಳಿಗೆ ಹೊದಿಕೆ ಬೇಕಾದೀತು. ಅಲ್ಲಿ ದ್ರವ್ಯದ ಆಯ್ಕೆ ಬರುತ್ತದೆ.

ಎಲ್ಲಕ್ಕಿಂತ ಹಳೆಯದು ಪಿಂಗಾಣಿ. ಭಾರತೀಯ ವಿಜ್ಞಾನ ಸಂಸ್ಥೆಯ ಮಗ್ಗುಲಿನಲ್ಲಿ, ಮಲ್ಲೇಶ್ವರದಿಂದ ಯಶವಂತಪುರದ ಕಡೆಗೆ ಹೋಗುವಲ್ಲಿ, ಹಿಂದೆ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆಯಿತ್ತು. ಮುಂದೆ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಅಂಗವಾಯಿತು. ವಿದ್ಯುತ್ತಿನ ತಂತಿಗಳನ್ನು ಕಂಬದಿಂದ ಬೇರ್ಪಡಿಸಿ ಹಿಡಿಯುವ ಅವಾಹಕಗಳು ಅಲ್ಲಿ ತಯಾರಾಗುತ್ತಿದ್ದವು. ಬಿಳಿಯ ಜೇಡಿಮಣ್ಣು, ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಇವು ಆ ಪಿಂಗಾಣಿಯ ಮೂಲವಸ್ತುಗಳು. ಹಲ್ಲಿನ ಪಿಂಗಾಣಿ ಅದೇ ಮನೆತನದ ಕುಡಿ. ಜೇಡಿಯನ್ನು ಬಹುಮಟ್ಟಿಗೆ ಬಿಟ್ಟು ಫೆಲ್ಡ್‌ಸ್ಪಾರನ್ನು ಹೆಚ್ಚಿಸಿದುದರಿಂದ ಅದಕ್ಕೆ ಗಾಜಿನ ಹೊಳಪೂ ಅರೆಪಾರದರ್ಶಕತೆಯೂ ಬಂದಿವೆ. ಗುಣದೋಷಗಳೂ ಮನೆತನದವೇ. ಪಿಂಗಾಣಿಯನ್ನು ಅದುಮಿದರೆ ತಾಳಿಕೊಳ್ಳುತ್ತದೆ, ಎಳೆದರೆ ಸೀಳುತ್ತದೆ. ಟನ್ನುಗಟ್ಟಲೆ ಎಳೆತವಿರುವ ತಂತಿಯನ್ನು ಹೊರುವ ಅವಾಹಕದಲ್ಲಿಯೂ ಲೋಹದ ಟೋಪಿ ಮತ್ತು ಕಡ್ಡಿಗಳ ಆಕಾರವನ್ನು ಜಾಣತನದಿಂದ ಹೊಂದಿಸಿ, ನಡುವಣ ಪಿಂಗಾಣಿಯ ಮೇಲೆ ಮುಖ್ಯವಾಗಿ ಅದುಮಿಕೆಯೇ ಬೀಳುವಂತೆ ಮಾಡಿರುತ್ತಾರೆ.

ಬೆಳಕಿನ ದೃಷ್ಟಿಯಿಂದ ಪಿಂಗಾಣಿಗೆ ಸರಿಸಾಟಿ ಕಡಮೆ. ಒಳ್ಳೆಯ ಹಲ್ಲಿನ ಅಂಚಿನಲ್ಲಿ ತೆಳುವಾದ ನೀಲಿ ಛಾಯೆಯಿರುತ್ತದೆ. ಸೂಕ್ಷ್ಮಕಣಗಳು ನೀಲಿಯನ್ನು ಕೆಂಪಿಗಿಂತ ಹೆಚ್ಚಾಗಿ ಚದರಿಸುವುದರ ಫಲ ಅದು. ಮೇಖ್ರಿ ವೃತ್ತದ ಬಳಿ 1948ರಲ್ಲಿ ತಮ್ಮ ಸಂಶೋಧನಾಲಯವನ್ನು ಆರಂಭಿಸಿದ ಸರ್ ಸಿ. ವಿ. ರಾಮನ್ ಅವರು, 1950ರಲ್ಲಿ ಶಿಷ್ಯರೊಡನೆ ಚಂದ್ರಕಾಂತ ಶಿಲೆ ಮತ್ತು ಲ್ಯಾಬ್ರಡೊರೈಟುಗಳ ಮಿನುಗನ್ನು ಪರೀಕ್ಷಿಸಿ, ಕಲ್ಲಿನೊಳಗಣ ಸೂಕ್ಷ್ಮ ರಚನೆಯಲ್ಲಿ ಅದಕ್ಕೆ ಕಾರಣವನ್ನು ಹುಡುಕಿದರು. ಆ ಎರಡು ಕಲ್ಲುಗಳೂ ಫೆಲ್ಡ್‌ಸ್ಪಾರಿನ ಜಾತಿಯವೇ ಎಂಬುದನ್ನು ಇಲ್ಲಿ ನೆನೆಯುವುದು ಸಂತೋಷದ ವಿಷಯ.

ಆದರೆ ಅರ್ಧ ಮಿಲಿಮೀಟರಿನ ಪಿಂಗಾಣಿಯ ಬಿಲ್ಲೆ ಬೆರಳುಗಳ ನಡುವೆಯೇ ಮುರಿದೀತು. ಬಾಗುವ ಫಲಕ ತಾಳಬಲ್ಲ ಭಾರವು ದಪ್ಪದ ವರ್ಗಕ್ಕೆ ಅನುಪಾತವಾಗಿರುತ್ತದೆ. ದಪ್ಪ ಅರ್ಧವಾದರೆ ಬಲ ಕಾಲುಭಾಗ. ಅಂದಮೇಲೆ ಅದು ಹಲ್ಲಿನ ಮೇಲೆ ವರ್ಷಗಟ್ಟಲೆ ನಿಲ್ಲುವುದು ಹೇಗೆ? ಕಳೆದ ಶತಮಾನದ ಮೂರನೆಯ ದಶಕದ ಕೊನೆಯ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಚಲಚ್ಚಿತ್ರದ ನಟರಿಗೆ ಪಿಂಗಾಣಿಯ ಹೊದಿಕೆಗಳನ್ನು ಮಾಡಿಕೊಟ್ಟಾಗ ಅವು ನಿಲ್ಲುತ್ತಿರಲಿಲ್ಲ. ಚಿತ್ರೀಕರಣದ ಹೊತ್ತಿಗೆ ಅಂಟಿಸಿಕೊಂಡು ಆಮೇಲೆ ತೆಗೆದಿಡಬೇಕಾಗಿತ್ತು. 1955ರಲ್ಲಿ ಮೈಕೇಲ್ ಬೂನೊಕೋರ್ ಎಂಬವರು, ಲೋಹಕ್ಕೆ ಬಣ್ಣ ಹತ್ತಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರುವ ಕೈಗಾರಿಕೆಯ ರೂಢಿಯನ್ನು ಎನಾಮಲಿನ ಮೇಲೆ ಪ್ರಯೋಗಿಸಿ ನೋಡಿದರು. ಆಮ್ಲವು ಎನಾಮಲಿನಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ಕುಳಿಗಳನ್ನು ತೋಡಿತು. ರಾಳವು ಅವುಗಳೊಳಕ್ಕೆ ಬೇರಿಳಿಸಿ ಹಿಡಿದುಕೊಂಡಿತು. 1983ರ ಸುಮಾರಿಗೆ ಪಿಂಗಾಣಿಯ ಒಳಮುಖವನ್ನೂ ಹೈಡ್ರೊಫ್ಲೂರಿಕ್ ಆಮ್ಲದಿಂದ ಹೀಗೆಯೇ ತೋಡುವ ಕ್ರಮ ಬಂದ ಮೇಲೆ ಎರಡೂ ಕಡೆ ಹಿಡಿತ ಸಿಕ್ಕಿತು.

ಇಲ್ಲಿಗೆ ನಾವು ಮುಖ್ಯವಾದ ಮಾತಿಗೆ ಬಂದೆವು. ಮನೆ ಕಟ್ಟುವವರು ನೆಲಕ್ಕೆ ಹಾಸಿದ ಟೈಲ್ಸನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡುವುದುಂಟು. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲವೆಂದು ಅರ್ಥ. ಅದರ ಮೇಲೆ ಒಂದು ತುಂಬಿದ ಕೊಡ ಇಟ್ಟರೂ ಬಿರುಕು ಬಿಟ್ಟೀತು. ಅದೇ ಟೈಲ್ಸು ಗಟ್ಟಿ ಗಾರೆಯ ಮೇಲೆ ಪೂರ್ತಿ ಕುಳಿತಿದ್ದರೆ ಅಕ್ಕಿಯ ಮೂಟೆಯನ್ನು ಹೊರುತ್ತದೆ. ಹಾಸು ಬಾಗದಿದ್ದರೆ ಮೇಲಣ ಫಲಕವೂ ಬಾಗದು. ಬಾಗದಿದ್ದರೆ ಅದರಲ್ಲಿ ಎಳೆತ ಹುಟ್ಟದು. ಹಲ್ಲಿನಲ್ಲಿ ಆ ಗಟ್ಟಿ ಗಾರೆಯೇ ಎನಾಮಲ್. ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 80 ಗಿಗಾಪ್ಯಾಸ್ಕಲ್. ಪಿಂಗಾಣಿಯದು ಸುಮಾರು 70. ಎರಡೂ ಒಂದೇ ವಸ್ತುವೆಂಬಂತೆ ಕೂಡಿ ವರ್ತಿಸುತ್ತವೆ. ಎನಾಮಲಿನ ಅಡಿಯಲ್ಲಿರುವ ಡೆಂಟಿನಿನ ಗುಣಾಂಕವಾದರೋ 18ರ ಆಸುಪಾಸು, ನಾಲ್ಕರಲ್ಲೊಂದು ಭಾಗಕ್ಕಿಂತಲೂ ಕಡಮೆ. ಸಾಲದುದಕ್ಕೆ ಅದು ಸೂಕ್ಷ್ಮ ನಳಿಕೆಗಳಿಂದ ಒಸರುವ ಒದ್ದೆಯ ವಸ್ತು. ರಾಳದ ಹಿಡಿತ ಅಲ್ಲಿ ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ. ಅರೆಯುವ ಯಂತ್ರವು ಎನಾಮಲನ್ನು ದಾಟಿ ಡೆಂಟಿನಿಗೆ ಇಳಿದರೆ, ಅತ್ಯುತ್ತಮ ಪಿಂಗಾಣಿಯೂ ಟೊಳ್ಳು ನೆಲದ ಟೈಲ್ಸಾಗುತ್ತದೆ. ಎನಾಮಲಿನ ಮೇಲೆಯೇ ಕುಳಿತ ಪಿಂಗಾಣಿಯಾದರೆ, ಹತ್ತು ವರ್ಷಗಳ ಬಳಿಕವೂ ನೂರಕ್ಕೆ ತೊಂಬತ್ತರಷ್ಟು ಹೊದಿಕೆಗಳು ಉಳಿದಿರುವುದು ಕಂಡುಬಂದಿದೆ. ಬಲದ ಬಹುಪಾಲು ಅಂಟಿಸಿದ ಬಿಲ್ಲೆಯಲ್ಲಿಲ್ಲ, ಅಂಟಿಸಿಕೊಂಡ ಹಲ್ಲಿನಲ್ಲಿದೆ.

ಪಿಂಗಾಣಿಯ ದೌರ್ಬಲ್ಯವನ್ನು ಕಳೆಯಲು ಬಂದದ್ದು ಲಿಥಿಯಮ್ ಡೈಸಿಲಿಕೇಟ್. ಅದರ ಮೂಲಕಥೆ ಸ್ವಾರಸ್ಯವಾದದ್ದು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ರಸಾಯನಜ್ಞರು ಲಿಥಿಯಮಿನ ಗಾಜೊಂದನ್ನು 600 ಡಿಗ್ರಿಗೆ ಕಾಯಿಸಲೆಂದು ಕುಲುಮೆಯಲ್ಲಿಟ್ಟರು. ಕುಲುಮೆ ಕೆಟ್ಟು 900ಕ್ಕೆ ಏರಿತ್ತು. ಗಾಜು ಕರಗಿ ಹರಿದಿರಬೇಕೆಂದು ತೆರೆದರೆ ಬಿಳಿಯ ಫಲಕವೊಂದು ಹಾಗೆಯೇ ಇತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದಾಗ ಅದು ಒಡೆಯಲಿಲ್ಲ. ಗಾಜಿನೊಳಗೆ ಹರಳುಗಳು ಒತ್ತಾಗಿ ಬೆಳೆದು, ಬಿರುಕು ಓಡುವ ದಾರಿಗೆ ಅಡ್ಡ ನಿಂತಿದ್ದವು. ಈ ವಂಶದ ಲಿಥಿಯಮ್ ಡೈಸಿಲಿಕೇಟ್ ಹಲ್ಲಿನ ಕೆಲಸಕ್ಕೆ 1998ರಲ್ಲಿ ಬಂತು. ಸಾಧಾರಣ ಪಿಂಗಾಣಿಯ ಬಾಗುಬಲ 100 ಮೆಗಾಪ್ಯಾಸ್ಕಲಿನ ಒಳಗಿದ್ದರೆ ಇದರದು 400ರ ಸುಮಾರು. ಗಾಜಿನ ಅಂಶ ಉಳಿದಿರುವುದರಿಂದ ಆಮ್ಲದಿಂದ ತೋಡಿಸಿಕೊಳ್ಳುತ್ತದೆ, ಬೆಳಕನ್ನೂ ಬಿಡುತ್ತದೆ. ಅಂಚು ಮುರಿದ ಹಲ್ಲಿಗೆ, ಉದ್ದ ಹೆಚ್ಚಿಸಬೇಕಾದ ಹಲ್ಲಿಗೆ ಇದು ಪಿಂಗಾಣಿಗಿಂತ ಮೇಲೆಂದು ತೋರುತ್ತದೆ.

ಜಿರ್ಕೋನಿಯವು ಭೌತಶಾಸ್ತ್ರದ ವಿದ್ಯಾರ್ಥಿಗೆ ಬೆರಗು ಹುಟ್ಟಿಸುವ ವಸ್ತು. ಬಿರುಕಿನ ತುದಿ ಸಮೀಪಿಸಿದೊಡನೆ ಅಲ್ಲಿಯ ಹರಳುಗಳು ತಮ್ಮ ರಚನೆಯನ್ನು ಬದಲಿಸಿ, ಗಾತ್ರದಲ್ಲಿ ನೂರಕ್ಕೆ ನಾಲ್ಕರಷ್ಟು ಉಬ್ಬಿ, ಬಿರುಕನ್ನು ಹಿಸುಕಿ ಮುಚ್ಚಿಬಿಡುತ್ತವೆ. 1975ರಲ್ಲಿ ಆಸ್ಟ್ರೇಲಿಯದ ಮೂವರು ವಿಜ್ಞಾನಿಗಳು ಇದನ್ನು ವರದಿ ಮಾಡಿದಾಗ ಉಕ್ಕಿಗೇ ಹೋಲಿಸಿದರು. ಬಾಗುಬಲ 1000 ಮೆಗಾಪ್ಯಾಸ್ಕಲಿನ ಸುಮಾರು. ‘ಹೆಚ್ಚು ಗಟ್ಟಿ ಯಾವುದು’ ಎಂಬ ಪ್ರಶ್ನೆಗೆ ಉತ್ತರ ಇದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಚಿಹಲ್ಲಿನ ಹೊರಮುಖಕ್ಕೆ ಉಕ್ಕಿನ ಬಲ ಏಕೆ ಬೇಕು? ದವಡೆಹಲ್ಲುಗಳ ನಡುವೆ ಬೀಳುವ ಬಲದ ಒಂದಂಶ ಮಾತ್ರ ಅಲ್ಲಿ ಬೀಳುವುದು. ಜಿರ್ಕೋನಿಯದಲ್ಲಿ ಗಾಜಿಲ್ಲವಾದುದರಿಂದ ಹೈಡ್ರೊಫ್ಲೂರಿಕ್ ಆಮ್ಲ ಅದನ್ನು ಪಿಂಗಾಣಿಯಂತೆ ತೋಡಲಾರದು. ಹಿಡಿತಕ್ಕೆ ಮರಳೂದುವುದು, ಬೇರೆ ರಾಸಾಯನಿಕಗಳು ಬೇಕು. ವಕ್ರೀಭವನಾಂಕ 2.2ರ ಸಮೀಪವಿದ್ದು ಬೆಳಕನ್ನು ಬಹಳವಾಗಿ ಚದರಿಸುತ್ತದೆ. ಹಲ್ಲು ಸುಣ್ಣದ ಗೋಡೆಯಂತೆ ಕಂಡೀತು. ಬೆಳಕು ಹಾಯುವ ಹೊಸ ಬಗೆಗಳು ಬಂದಿವೆ, ನಿಜ. ಆ ಪಾರದರ್ಶಕತೆಗೆ ತೆತ್ತ ಬೆಲೆ ಆ ಬಲದ ಒಂದು ದೊಡ್ಡ ಪಾಲೇ. ದವಡೆಹಲ್ಲಿಗೆ, ಹಲ್ಲುಸೇತುವೆಗೆ, ಒಳಗಿಂದ ಕಪ್ಪಾದ ಹಲ್ಲನ್ನು ಮರೆಮಾಡಲು ಜಿರ್ಕೋನಿಯ ಯೋಗ್ಯವಾದುದೇ.

ನಮಗೆ ಹೆಚ್ಚಿನ ಆತಂಕ ಬೇರೆ. ಗಟ್ಟಿ ದ್ರವ್ಯದ ಹೆಸರಿನಲ್ಲಿ ಹೊರಮುಖದ ಹೊದಿಕೆಗೆ ಬದಲಾಗಿ ಸುತ್ತಲೂ ಅರೆದು ಇಡೀ ಹಲ್ಲಿಗೆ ಕ್ಯಾಪ್ ತೊಡಿಸುವುದುಂಟು. ವೆನಿಯರಿಗಾಗಿ ತೆಗೆಯುವುದು ಹಲ್ಲಿನ ಹೊರಕಾಣುವ ಭಾಗದ ತೂಕದಲ್ಲಿ ನೂರಕ್ಕೆ 3ರಿಂದ 30. ಪೂರ್ತಿ ಕ್ಯಾಪಿಗಾಗಿ 63ರಿಂದ 72 ಎಂದು 2002ರಲ್ಲಿ ಪ್ರಕಟವಾದ ಅಳತೆಗಳು ತಿಳಿಸುತ್ತವೆ. ಆರೋಗ್ಯವಾದ ಹಲ್ಲಿಗೆ ಹೀಗೆ ಟೋಪಿ ಹಾಕಿದರೆ, ಹಲ್ಲಿನ ಒಡೆಯನಿಗೂ ಟೋಪಿ ಹಾಕಿದಂತೆಯೇ ಸರಿ.

ಉಳಿದದ್ದು ಕಾಂಪೋಸಿಟ್, ಎಂದರೆ ಗಾಜಿನ ಸೂಕ್ಷ್ಮಕಣಗಳನ್ನು ತುಂಬಿದ ರಾಳ. ಫಲಕಗಳಲ್ಲಿ ಇದು ಬಡವರ ವೆನಿಯರ್ ಎಂಬಂತೆ ಕೊನೆಯ ಸಾಲಿನಲ್ಲಿರುತ್ತದೆ. ದೋಷಗಳೇನೋ ಇವೆ. ಬಿಸಿಗೆ ಎನಾಮಲು ಹಿಗ್ಗುವುದಕ್ಕಿಂತ ಇದು ಎರಡರಿಂದ ನಾಲ್ಕು ಪಟ್ಟು ಹಿಗ್ಗುತ್ತದೆ. ಐಸ್‌ಕ್ರೀಮಿನ ಬೆನ್ನಿಗೇ ಬಿಸಿ ಕಾಫಿ ಕುಡಿದಾಗಲೆಲ್ಲ ಅಂಟಿನ ಗಡಿಯಲ್ಲಿ ಜಗ್ಗಾಟ. ಗಟ್ಟಿಯಾಗುವಾಗ ನೂರಕ್ಕೆ ಎರಡು ಮೂರರಷ್ಟು ಕುಗ್ಗುತ್ತದೆ. ಹೊಳಪು ಮಾಸುತ್ತದೆ, ಅರಿಶಿನ, ಕಾಫಿಗಳ ಬಣ್ಣ ಹಿಡಿಯುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆ ಬೇಕಾಗುವುದು ಸಾಮಾನ್ಯ. ಆದರೂ ಹದಿನೆಂಟು, ಇಪ್ಪತ್ತರ ಹರೆಯದವರಿಗೆ ಹೊದಿಕೆ ಬೇಕೇಬೇಕೆಂದಾದರೆ, ನಾವು ಮೊದಲು ಬೆರಳಿಡುವುದು ಇದರ ಮೇಲೆಯೇ. ಎನಾಮಲನ್ನು ಅರೆಯದೆ, ಇಲ್ಲವೆ ಬಲು ಸ್ವಲ್ಪವೇ ಅರೆದು, ಇದನ್ನು ಹಚ್ಚಬಹುದು. ಮೂಲೆ ಹಾರಿದರೆ ಕುರ್ಚಿಯಲ್ಲಿ ಕುಳಿತಂತೆಯೇ ಸರಿಪಡಿಸಬಹುದು. ನಾಳೆ ಬೇಡವೆನಿಸಿದರೆ ತೆಗೆಸಬಹುದು.

ದ್ರವ್ಯವೊಂದು ಎಷ್ಟು ದಿನ ಬಾಳುತ್ತದೆಂದು ಕೇಳುವವರು, ಅದು ಕೆಟ್ಟಾಗ ಏನು ಉಳಿಯುತ್ತದೆಂದೂ ಕೇಳಬೇಕು. ಪಿಂಗಾಣಿಯ ಹೊದಿಕೆ ಹದಿನೈದು ವರ್ಷ ಬಾಳಿತೆಂದೇ ಇಟ್ಟುಕೊಳ್ಳೋಣ. ಇಪ್ಪತ್ತರಲ್ಲಿ ಹಾಕಿಸಿಕೊಂಡವರು ಮೂವತ್ತೈದರಲ್ಲಿ, ಐವತ್ತರಲ್ಲಿ, ಅರವತ್ತೈದರಲ್ಲಿ ಬದಲಿಸಬೇಕು; ಪ್ರತಿ ಬದಲಾವಣೆಯಲ್ಲಿಯೂ ಹಳೆಯದನ್ನು ಅರೆದು ತೆಗೆಯುವಾಗ ಹಲ್ಲಿನ ಒಂದಿಷ್ಟು ಹೋಗುತ್ತದೆ. ನಲವತ್ತೈದರವರು ಇದೇ ಲೆಕ್ಕ ಹಾಕಿದರೆ ಪಿಂಗಾಣಿಯೇ ಸರಿಯೆನಿಸಬಹುದು. ಇಬ್ಬರಿಗೂ ಒಂದೇ ಉತ್ತರವನ್ನು ಕೊಡುವ ಫಲಕವನ್ನು ನಂಬಬಾರದು.

ಹಲ್ಲನ್ನು ತೋರಿಸಲು ಹೋದಾಗ, ಎಷ್ಟು ಮಿಲಿಮೀಟರ್ ಅರೆಯುವಿರಿ, ಅಂಚುಗಳು ಎನಾಮಲಿನಲ್ಲಿಯೇ ನಿಲ್ಲುತ್ತವೆಯೆ, ಅರೆಯದೆ ಏನೇನು ಮಾಡಬಹುದು ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಹಲ್ಲಿನ ಮೇಲೆ ಮೇಣದ ಇಲ್ಲವೆ ರಾಳದ ಮಾದರಿಯನ್ನಿಟ್ಟು ತೋರಿಸಿಯೂ ಕೊಡುತ್ತಾರೆ. ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಕೋಟೆಯ ಬಳಿ ಸರ್ಕಾರಿ ದಂತವೈದ್ಯ ಕಾಲೇಜಿದೆ. ಉತ್ತರ ಭಾಗದಲ್ಲಿ ರಾಮಯ್ಯ ಕಾಲೇಜು, ಯಲಹಂಕದಾಚೆ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ಕಾಲೇಜು ಇವೆ.

ಇನ್ನೊಂದು ಮಾತು ಉಳಿದಿದೆ. ಫ್ಲೋರೈಡಿನ ಮಚ್ಚೆಗಳು ಮೇಲಿನ ಬಾಚಿಹಲ್ಲುಗಳಲ್ಲಿ ಮೂಡುವುದಕ್ಕೆ ಮಗುವಿನ ಮೊದಲ ಮೂರು ವರ್ಷಗಳೇ ಮುಖ್ಯವಾದ ಕಾಲ. ಉಳಿದ ಹಲ್ಲುಗಳಿಗೆ ಎಂಟರವರೆಗೂ ಅಪಾಯವುಂಟು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ತಮ್ಮ ಹಲ್ಲಿನ ಮಚ್ಚೆಯನ್ನು ಮರೆಮಾಡಲು ದುಡ್ಡು ಕೂಡಿಸುತ್ತಿರುವ ವಿದ್ಯಾರ್ಥಿಗಳ ಮನೆಯಲ್ಲಿ ಅಕ್ಕನ ಕೂಸೋ, ಪುಟ್ಟ ತಂಗಿಯೋ ಅದೇ ಕೊಳವೆಬಾವಿಯ ನೀರನ್ನು ಕುಡಿಯುತ್ತಿರಬಹುದು. ಮುಂದಿನ ರಜೆಗೆ ಊರಿಗೆ ಹೋದಾಗ ಆ ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಬೇಕು. ಗಾಜಿನ ಸೀಸೆ ಬೇಡ. ಫ್ಲೋರೈಡಿನ ಅಳತೆಗೆ ಅದು ಸಲ್ಲದು.